ಆರಂಭಾವಸ್ಥೆಯ ಗರ್ಭಕೊರಳ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

ಶಸ್ತ್ರವೈದ್ಯದ ಚರಿತ್ರೆಯನ್ನು ಏರುಮೆಟ್ಟಿಲಿನಂತೆ ಚಿತ್ರಿಸುವುದು ಬರೆಯುವವರ ವಾಡಿಕೆ. ಮೊದಲು ಅಜ್ಞಾನ, ಬಳಿಕ ಧೈರ್ಯ, ಅನಂತರ ಕೌಶಲ, ಕಡೆಗೆ ಜಯ. ಗರ್ಭಕೋಶದ ಕೊರಳಿಗೆ ತಗಲುವ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಈ ಚಿತ್ರ ಒಪ್ಪುವುದಿಲ್ಲ. ಇಲ್ಲಿ ಕತ್ತರಿಸಿ ತೆಗೆಯುವ ಭಾಗವು ಮುಕ್ಕಾಲು ಶತಮಾನದವರೆಗೆ ಹಿಗ್ಗುತ್ತ ಹೋಯಿತು. ಅನಂತರದ ಕಾಲದಲ್ಲಿ ಕುಗ್ಗುತ್ತ ಬಂದಿತು. ಹಿಗ್ಗಿದಾಗಲೂ ಕುಗ್ಗಿದಾಗಲೂ ವೈದ್ಯರು ಅದನ್ನು ಮುನ್ನಡೆಯೆಂದೇ ಕರೆದರು. ಆದುದರಿಂದ ಯಾರು ಯಾವ ಶಸ್ತ್ರಕ್ರಿಯೆಯನ್ನು ಮೊದಲು ಮಾಡಿದರೆಂಬುದಕ್ಕಿಂತ, ಎಷ್ಟನ್ನು ತೆಗೆದರೆ ಸಾಕು ಎಂಬ ಅಳತೆಯನ್ನು ಆಯಾ ಕಾಲದಲ್ಲಿ ಯಾವುದು ನಿರ್ಧರಿಸಿತು ಎಂಬುದೇ ಹೆಚ್ಚು ವಿಚಾರಾರ್ಹವೆಂದು ನಮಗೆ ತೋರುತ್ತದೆ.

ವೈದ್ಯಶಾಸ್ತ್ರದ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತು. ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗವೇ ಗರ್ಭಕೊರಳು. ಅದರ ಮುಂದೆ ಮೂತ್ರಕೋಶ, ಹಿಂದೆ ಗುದನಾಳ. ಮೂತ್ರಪಿಂಡಗಳಿಂದ ಇಳಿದು ಬರುವ ಎರಡು ಮೂತ್ರನಾಳಗಳೂ ಕೊರಳಿನ ಎಡಬಲಗಳಲ್ಲಿ, ಬೆರಳಿನಗಲದಷ್ಟು ದೂರದಲ್ಲಿ, ಗರ್ಭಕೋಶದ ರಕ್ತನಾಳದ ಅಡಿಯಲ್ಲಿ ಹಾದುಹೋಗುತ್ತವೆ. ರೋಗವು ಪಕ್ಕಕ್ಕೆ ಹರಡುವುದೂ ಈ ಇಕ್ಕಟ್ಟಿನ ಮೂಲಕವೇ. ಮೊದಲು ಕೊರಳಿನ ಪಕ್ಕದ ಅಂಗಾಂಶಕ್ಕೆ, ಅಲ್ಲಿಂದ ಕಿಬ್ಬೊಟ್ಟೆಯ ಗೋಡೆಗೆ ಅಂಟಿದ ದುಗ್ಧಗ್ರಂಥಿಗಳಿಗೆ. ಮೂತ್ರಕೋಶವನ್ನು ನಡೆಸುವ ನರಗಳೂ ಅಲ್ಲಿಯೇ ಇವೆ. ಕೊಯ್ತವನ್ನು ಒಂದು ಅಂಗುಲ ಅಗಲಿಸಿದರೆ ಅದರ ಬೆಲೆಯನ್ನು ಈ ಅಂಗಗಳು ತೆರಬೇಕಾಗುತ್ತದೆ. ರೋಗವು ಕೊರಳನ್ನು ದಾಟಿ ಹೊರಗೆ ಹೋಗದಿರುವ ಸ್ಥಿತಿಯನ್ನು ನಾವು ಇಲ್ಲಿ ಆರಂಭಾವಸ್ಥೆಯೆಂದು ಕರೆದಿದ್ದೇವೆ. ಆದರೆ ಈ 'ಆರಂಭ'ದ ಅರ್ಥವೂ ಕಾಲದಿಂದ ಕಾಲಕ್ಕೆ ಬದಲಾಗಿದೆಯೆಂಬುದು ಮುಂದೆ ತಿಳಿಯುವುದು.

ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಗಟಿಂಗೆನ್ನಿನ ಓಸಿಯಾಂಡರನು ರೋಗ ತಗಲಿದ ಕೊರಳನ್ನು ಮಾತ್ರ ಕೊಯ್ದು ತೆಗೆಯುವ ಪ್ರಯತ್ನಗಳನ್ನು ಮಾಡಿದನು. 1822ರಲ್ಲಿ ಕಾನ್‌ಸ್ಟಾನ್ಸ್ ಎಂಬ ಊರಿನ ಸೌಟರನು ಯೋನಿಯ ಮಾರ್ಗವಾಗಿ ಇಡೀ ಗರ್ಭಕೋಶವನ್ನೇ ಹೊರತೆಗೆದನು. ಅರಿವಳಿಕೆಯಿಲ್ಲದ ಆ ದಿನಗಳಲ್ಲಿ ಆ ಹೆಂಗಸು ಶಸ್ತ್ರಕ್ರಿಯೆಯನ್ನು ದಾಟಿ ಬದುಕಿದಳು ಎಂಬುದೇ ಆಶ್ಚರ್ಯ. ಇವು ಬಿಡಿ ಸಾಹಸಗಳು. ಅರಿವಳಿಕೆಯೂ ಲಿಸ್ಟರನ ಕ್ರಿಮಿನಾಶಕ ವಿಧಾನವೂ ಬಂದ ಮೇಲೆ, 1878ರ ಜನವರಿ 30ರಂದು, ಬ್ರೆಸ್ಲಾವಿನ ಫ್ರಾಯಿಂಡನು ಹೊಟ್ಟೆಯನ್ನು ತೆರೆದು ಕ್ಯಾನ್ಸರು ತಗಲಿದ ಗರ್ಭಕೋಶವನ್ನು ಕ್ರಮಬದ್ಧವಾಗಿ ತೆಗೆದನು. ಅವನನ್ನು ಅನುಸರಿಸಿದವರ ಕೈಯಲ್ಲಿ ಮೂವರಲ್ಲಿ ಇಬ್ಬರಿಗೂ ಹೆಚ್ಚು ಮಂದಿ ರೋಗಿಗಳು ತೀರಿಕೊಂಡರು. ಅದೇ ವರ್ಷ ಹೈಡೆಲ್‌ಬರ್ಗಿನ ಚರ್ನಿಯು ಯೋನಿಮಾರ್ಗವನ್ನು ಮತ್ತೆ ಹಿಡಿದನು. ಸಾವು ಕಡಮೆಯಾಯಿತು. ಆದರೆ ಬದುಕಿ ಉಳಿದವರಲ್ಲಿ ಬಹುಮಂದಿಗೆ ರೋಗವು ಸ್ವಲ್ಪ ಕಾಲದಲ್ಲಿಯೇ ಮರುಕಳಿಸಿತು. ಗರ್ಭಕೋಶವನ್ನಷ್ಟೇ ತೆಗೆದರೆ ಸಾಲದು, ರೋಗವು ಅದರ ಪಕ್ಕದಲ್ಲಿ ಅಡಗಿ ಕುಳಿತಿರುತ್ತದೆ ಎಂಬ ಭಾವನೆ ಇಲ್ಲಿಂದ ಬಲಗೊಂಡಿತು.

ಈ ಭಾವನೆಗೆ ಶಾಸ್ತ್ರದ ರೂಪ ಬಂದದ್ದು ಅಮೆರಿಕದಲ್ಲಿ. ಬಾಲ್ಟಿಮೋರಿನಲ್ಲಿ ಹಾಲ್‌ಸ್ಟೆಡ್ಡನು ಸ್ತನದ ಕ್ಯಾನ್ಸರಿಗೆ ಸ್ತನ, ಅದರ ಅಡಿಯ ಮಾಂಸಖಂಡ, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಂದೇ ತುಂಡಾಗಿ ತೆಗೆಯುವ ಪದ್ಧತಿಯನ್ನು ಪ್ರಚಾರಕ್ಕೆ ತಂದಿದ್ದನು. ಅದೇ ತರ್ಕವನ್ನು 1895ರಲ್ಲಿ ಶಿಕಾಗೋವಿನ ಎಮಿಲ್ ರೀಸನು ಗರ್ಭಕೋಶಕ್ಕೆ ಅನ್ವಯಿಸಿ ಬರೆದನು. ಹಾಲ್‌ಸ್ಟೆಡ್ಡನ ಆಸ್ಪತ್ರೆಯಲ್ಲಿಯೇ ಇದ್ದ ತರುಣ ವೈದ್ಯ ಜಾನ್ ಕ್ಲಾರ್ಕನು ಅದೇ ವರ್ಷ ಅದನ್ನು ರೋಗಿಗಳ ಮೇಲೆ ನಡೆಸಿದನು.

ಆದರೂ ಶಸ್ತ್ರಕ್ರಿಯೆಗೆ ಹೆಸರು ಬಂದದ್ದು ವಿಯೆನ್ನಾದ ಅರ್ನ್ಸ್ಟ್ ವರ್ಟ್‌ಹೈಮನಿಂದ. 1898ರ ನವೆಂಬರು 16ರಂದು ಅವನು ಮೊದಲ ಶಸ್ತ್ರಕ್ರಿಯೆಯನ್ನು ನಡೆಸಿದನು. ಹೊಟ್ಟೆಯನ್ನು ತೆರೆದು, ಮೂತ್ರನಾಳಗಳನ್ನು ಅವುಗಳ ಹಾದಿಯುದ್ದಕ್ಕೂ ಬಿಡಿಸಿ ಪಕ್ಕಕ್ಕೆ ಸರಿಸಿ, ಗರ್ಭಕೋಶವನ್ನೂ ಪಕ್ಕದ ಅಂಗಾಂಶವನ್ನೂ ಯೋನಿಯ ಮೇಲುಭಾಗವನ್ನೂ ಒಟ್ಟಾಗಿ ತೆಗೆಯುವುದು ಅವನ ಕ್ರಮ. ಗ್ರಂಥಿಗಳ ವಿಷಯದಲ್ಲಿ ಅವನು ಅಮೆರಿಕದವರಷ್ಟು ಹಟವಾದಿಯಾಗಿರಲಿಲ್ಲ. ಕೈಗೆ ದಪ್ಪವಾಗಿ ಸಿಕ್ಕಿದವನ್ನು ಮಾತ್ರ ತೆಗೆದನು. ಇನ್ನೊಂದು ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಯೋನಿಯನ್ನು ಕತ್ತರಿಸುವ ಮೊದಲು ಅವನು ರೋಗಗ್ರಸ್ತವಾದ ಭಾಗದ ಕೆಳಗೆ ಬಾಗಿದ ಚಿಮಟಗಳನ್ನು ಹಾಕಿ ಬಿಗಿಯುತ್ತಿದ್ದನು. ಕೊಳೆತು ಒಸರುವ ಹುಣ್ಣು ತೆರೆದ ಹೊಟ್ಟೆಯೊಳಕ್ಕೆ ತಾಗಬಾರದೆಂಬುದು ಅದರ ಉದ್ದೇಶ. ಆ ಚಿಮಟಗಳಿಗೆ ಅವನ ಹೆಸರೇ ನಿಂತಿದೆ.

ಮೊದಲು ಪ್ರಕಟವಾದ ಸಾಲಿನಲ್ಲಿ ಮೂವರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿ ಶಸ್ತ್ರಕ್ರಿಯೆಯಿಂದಲೇ ಸತ್ತರು. ಹೊಟ್ಟೆಯೊಳಗಿನ ನಂಜು ಮುಖ್ಯ ಕಾರಣ. ಮೂತ್ರನಾಳವು ರಕ್ತಸಂಚಾರ ತಪ್ಪಿ ಕೊಳೆತು ತೂತಾಗುವುದು ಮತ್ತೊಂದು ವಿಪತ್ತು. ವರ್ಟ್‌ಹೈಮನು ನಿಲ್ಲಿಸಲಿಲ್ಲ. 1911ರಲ್ಲಿ 500 ರೋಗಿಗಳ ವೃತ್ತಾಂತವನ್ನು ಗ್ರಂಥವಾಗಿ ಪ್ರಕಟಿಸುವ ವೇಳೆಗೆ ಸಾವು ಹತ್ತರಲ್ಲಿ ಒಂದರ ಸಮೀಪಕ್ಕೆ ಇಳಿದಿತ್ತು. ಶಸ್ತ್ರಕ್ರಿಯೆಯಾದ ಐದು ವರ್ಷಗಳ ಬಳಿಕವೂ ರೋಗವಿಲ್ಲದವಳನ್ನು ಮಾತ್ರ ಗುಣ ಹೊಂದಿದವಳೆಂದು ಎಣಿಸಬೇಕೆಂಬ ಕಟ್ಟುನಿಟ್ಟನ್ನು ಅವನು ಪಾಲಿಸಿದನು. ಇದು ಅವನ ದೊಡ್ಡ ಗುಣ. ಆದರೆ ಆ ಗ್ರಂಥವನ್ನು ಚರಿತ್ರಕಾರನು ಬೇರೊಂದು ದೃಷ್ಟಿಯಿಂದಲೂ ನೋಡಬೇಕಾಗುತ್ತದೆ. 500 ಮಂದಿ ಹೆಂಗಸರು ಅಲ್ಲಿ 500 ಸಂಖ್ಯೆಗಳಾಗಿದ್ದಾರೆ. ಮೂವರಲ್ಲಿ ಒಬ್ಬಳು ಸಾಯುವಳೆಂಬುದನ್ನು ಮೊದಲ ಸಾಲಿನ ಹೆಂಗಸರಿಗೆ ಯಾರಾದರೂ ತಿಳಿಸಿದ್ದರೇ, ತಿಳಿಸಿದ್ದರೆ ಅವರು ಏನೆಂದರು ಎಂಬುದಕ್ಕೆ ಇಂಥ ಕೋಷ್ಟಕಗಳಲ್ಲಿ ಸ್ಥಳವಿಲ್ಲ. ನಮಗಿರುವ ಆಧಾರಗಳೆಲ್ಲ ಕತ್ತಿ ಹಿಡಿದವರು ಬರೆದವು.

ವರ್ಟ್‌ಹೈಮನಿಗೆ ಎದುರಾಳಿಯಾದವನು ಹೊರಗಿನವನಲ್ಲ, ಅವನು ಹಿಂದೆ ಸಹಾಯಕನಾಗಿ ಕೆಲಸ ಮಾಡಿದ ಗುರು ಫ್ರೀಡ್ರಿಶ್ ಶೌಟಾ. ಹೊಟ್ಟೆಯನ್ನು ತೆರೆಯದೆ ಯೋನಿಮಾರ್ಗದಿಂದಲೇ ಪಕ್ಕದ ಅಂಗಾಂಶವನ್ನೂ ತೆಗೆಯಬಹುದೆಂದು ಶೌಟಾ 1901ರಿಂದ ಮಾಡಿ ತೋರಿಸಿದನು. 1893ರಲ್ಲಿ ಶುಖಾರ್ಟನು ಕಂಡುಹಿಡಿದಿದ್ದ ಪಕ್ಕದ ಸೀಳು ಇದಕ್ಕೆ ಎಡೆ ಮಾಡಿಕೊಟ್ಟಿತು. ಶೌಟಾನ ರೋಗಿಗಳಲ್ಲಿ ಸಾವು ಕಡಮೆ. ಆದರೆ ಗ್ರಂಥಿಗಳು ಕೈಗೆ ಎಟುಕುತ್ತಿರಲಿಲ್ಲ. ಒಂದೇ ನಗರದ ಈ ಇಬ್ಬರ ವಾದವು ಇಡೀ ಯೂರೋಪಿನ ಸ್ತ್ರೀರೋಗ ವೈದ್ಯರನ್ನು ಎರಡು ಪಕ್ಷಗಳಾಗಿ ಒಡೆಯಿತು. ವಾದದ ಬಿಸಿಯಲ್ಲಿ ಒಂದು ಒಳ್ಳೆಯ ಲೆಕ್ಕ ಹುಟ್ಟಿತು: ಶಸ್ತ್ರಕ್ರಿಯೆಗೆ ಆರಿಸಿಕೊಂಡವರಲ್ಲಿ ಎಷ್ಟು ಮಂದಿ ಗುಣವಾದರು ಎಂಬುದಷ್ಟೇ ಸಾಲದು, ಆಸ್ಪತ್ರೆಯ ಬಾಗಿಲಿಗೆ ಬಂದವರಲ್ಲಿ ಎಷ್ಟು ಮಂದಿ ಗುಣವಾದರು ಎಂದು ಕೇಳಬೇಕು. ಹಾಗೆ ಕೇಳಿದಾಗ ಎರಡು ಪಕ್ಷಗಳ ಹೆಮ್ಮೆಯೂ ತಗ್ಗಿತು. ಬಂದವರಲ್ಲಿ ಬಹುಪಾಲು ಮಂದಿ ಯಾವ ಶಸ್ತ್ರಕ್ಕೂ ಎಟುಕದಷ್ಟು ತಡವಾಗಿ ಬಂದವರು.

ವರ್ಟ್‌ಹೈಮನು ಮೊದಲ ಶಸ್ತ್ರಕ್ರಿಯೆ ನಡೆಸಿದ ಮರುತಿಂಗಳೇ, 1898ರ ಡಿಸೆಂಬರಿನಲ್ಲಿ, ಪ್ಯಾರಿಸಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಪ್ರಕಟಿಸಿದರು. ಸ್ಟಾಕ್‌ಹೋಮು ಮತ್ತು ಪ್ಯಾರಿಸುಗಳಲ್ಲಿ ರೂಪುಗೊಂಡ ರೇಡಿಯಂ ಚಿಕಿತ್ಸೆಯು ಮೊದಲನೆಯ ಮಹಾಯುದ್ಧದ ಬಳಿಕ ಶಸ್ತ್ರವನ್ನು ಬಹುಮಟ್ಟಿಗೆ ಹಿಂದೂಡಿತು; ಅದರಲ್ಲಿ ಮೇಜಿನ ಮೇಲೆಯೇ ಸಾಯುವ ಭಯವಿರಲಿಲ್ಲ. ಬೇರೆ ಬೇರೆ ಊರುಗಳ ರೇಡಿಯಂ ಫಲಿತಾಂಶಗಳನ್ನು ಹೋಲಿಸಬೇಕಾದಾಗ ರೋಗದ ಅವಸ್ಥೆಗಳನ್ನು ಗುರುತಿಸುವ ಒಂದು ಸಾಮಾನ್ಯ ಭಾಷೆ ಬೇಕಾಯಿತು. ರಾಷ್ಟ್ರಸಂಘದ ಆಶ್ರಯದಲ್ಲಿ 1929ರಲ್ಲಿ ಅದು ಸಿದ್ಧವಾಯಿತು. ಮೊದಲನೆಯ ಅವಸ್ಥೆಯೆಂದರೆ ರೋಗವು ಕೊರಳಿನಲ್ಲಿಯೇ ಉಳಿದಿರುವುದು. ಹಾಗೆಂದು ನಿರ್ಣಯಿಸುವುದು ಪರೀಕ್ಷಕನ ಕಣ್ಣು ಮತ್ತು ಬೆರಳು. ಕಿರಣವೈದ್ಯರು ತಮ್ಮ ಲೆಕ್ಕಕ್ಕಾಗಿ ಮಾಡಿಕೊಂಡ ಈ ಗೆರೆಯೇ ಮುಂದೆ ಶಸ್ತ್ರವೈದ್ಯರಿಗೂ ಗಡಿಯಾಯಿತು.

ಶಸ್ತ್ರವನ್ನು ಕೈಬಿಡದೆ ಉಳಿದವರು ಕೆಲವರು. ಲಂಡನ್ನಿನ ವಿಕ್ಟರ್ ಬಾನಿಯು 1941ರಲ್ಲಿ ತನ್ನ 500 ವರ್ಟ್‌ಹೈಮ್ ಶಸ್ತ್ರಕ್ರಿಯೆಗಳ ಫಲವನ್ನು ಪ್ರಕಟಿಸಿದನು. ನೂರರಲ್ಲಿ ಸುಮಾರು 14 ಮಂದಿ ಶಸ್ತ್ರಕ್ರಿಯೆಯಿಂದ ಸತ್ತಿದ್ದರು. ಬಾಸ್ಟನ್ನಿನ ಜೋ ಮೇಗ್ಸನು ವರ್ಟ್‌ಹೈಮನ ಕ್ರಮಕ್ಕೆ ಕಿಬ್ಬೊಟ್ಟೆಯ ಗ್ರಂಥಿಗಳನ್ನೆಲ್ಲ ತೆಗೆಯುವುದನ್ನು ಸೇರಿಸಿ 1944ರಿಂದ ಬರೆಯತೊಡಗಿದಾಗ ಸಾವು ಬಹು ಅಪರೂಪವಾಗಿತ್ತು. ಕೈ ಚುರುಕಾದದ್ದರಿಂದ ಮಾತ್ರ ಹೀಗಾಯಿತೆಂದು ತಿಳಿಯಬಾರದು. ಸಲ್ಫಾ ಮತ್ತು ಪೆನಿಸಿಲಿನ್, ರಕ್ತನಿಧಿ, ಸುಧಾರಿಸಿದ ಅರಿವಳಿಕೆ ಇವು ನಡುವೆ ಬಂದಿದ್ದವು. ಜೊತೆಗೆ ಮೇಗ್ಸನು ರೋಗಿಗಳನ್ನು ಎಚ್ಚರಿಕೆಯಿಂದ ಆರಿಸುತ್ತಿದ್ದನು. ಜಪಾನಿನಲ್ಲಿ ಕ್ಯೋಟೋದ ಓಕಾಬಯಾಶಿಯು 1921ರಲ್ಲಿಯೇ ವರ್ಟ್‌ಹೈಮನಿಗಿಂತ ಅಗಲವಾದ ಕೊಯ್ತವನ್ನು ವಿವರಿಸಿದ್ದನು. ಅದರಿಂದ ಬದುಕಿದ ಅನೇಕರಿಗೆ ಮೂತ್ರಕೋಶದ ಸ್ವಾಧೀನ ತಪ್ಪುತ್ತಿತ್ತು. ಕಿಬ್ಬೊಟ್ಟೆಯ ನರಗಳನ್ನು ಗುರುತಿಸಿ ಉಳಿಸುವ ಮಾರ್ಗವನ್ನು ಟೋಕಿಯೋದ ಕೊಬಯಾಶಿಯು 1961ರಲ್ಲಿ ತಿಳಿಸಿದನು. ಹಿಗ್ಗುವಿಕೆಯ ತುದಿಯಲ್ಲಿ ನಿಂತವರೇ ಕುಗ್ಗಿಸುವ ಮೊದಲ ಪ್ರಯತ್ನವನ್ನೂ ಮಾಡಿದರೆಂಬುದು ಗಮನಾರ್ಹ.

ನಮ್ಮ ದೇಶಕ್ಕೆ ಈ ಚರಿತ್ರೆಯಲ್ಲಿ ಒಂದು ಸ್ವಂತ ಅಧ್ಯಾಯವುಂಟು; ಇಂಗ್ಲಿಷಿನ ಅನೇಕ ಗ್ರಂಥಗಳು ಅದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಕಲ್ಕತ್ತೆಯ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆಯು 1950ರ ಜನವರಿಯಲ್ಲಿ ಪ್ರಾರಂಭವಾದಾಗ ಅದನ್ನು ಉದ್ಘಾಟಿಸಿದವರು ಮೇರಿ ಕ್ಯೂರಿಯವರ ಮಗಳು ಇರೀನ್ ಜೋಲಿಯೋ ಕ್ಯೂರಿ. ಅದರ ನಿರ್ದೇಶಕರಾಗಿದ್ದ ಡಾ. ಸುಬೋಧ ಮಿತ್ರರು ಶೌಟಾನ ಮಾರ್ಗವನ್ನು ಹಿಡಿದು ಅದರ ಹಳೆಯ ಕೊರತೆಯನ್ನು ತುಂಬಿದರು. ಗರ್ಭಕೋಶವನ್ನು ಯೋನಿಮಾರ್ಗದಿಂದ ತೆಗೆದು, ಗ್ರಂಥಿಗಳನ್ನು ಹೊಟ್ಟೆಯ ಒಳಪೊರೆಯನ್ನು ತೆರೆಯದೆಯೇ ಹೊರಗಿನ ಸೀಳುಗಳಿಂದ ತೆಗೆಯುವುದು ಅವರ ಕ್ರಮ. ವಿಯೆನ್ನಾದ ಐವತ್ತು ವರ್ಷಗಳ ಜಗಳಕ್ಕೆ ಇದು ಕಲ್ಕತ್ತೆಯ ಉತ್ತರ. 'ಮಿತ್ರ ಶಸ್ತ್ರಕ್ರಿಯೆ' ಎಂದು ಅವರ ಹೆಸರಿನಿಂದಲೇ ಪ್ರಸಿದ್ಧವಾದ ಈ ಪದ್ಧತಿಯ ಗ್ರಂಥವು 1960ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಆಗ ಕಲ್ಕತ್ತ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಮಿತ್ರರು ಮರುವರ್ಷವೇ ನಿಧನರಾದರು. ಯೋನಿಮಾರ್ಗದ ಕಲೆಯನ್ನು ಕಲಿಯುವುದು ಕಷ್ಟ, ಕಲಿಸುವುದು ಇನ್ನೂ ಕಷ್ಟ. ಹೊಟ್ಟೆಯನ್ನು ತೆರೆಯುವುದು ಸುರಕ್ಷಿತವಾದ ಮೇಲೆ ಅದಕ್ಕೆ ಶಿಷ್ಯರು ಕಡಮೆಯಾದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಷ್ಟರಲ್ಲಿ ರೋಗವನ್ನು ನೋಡುವ ಕಣ್ಣೇ ಬದಲಾಗಿತ್ತು. ಪಾಪಾನಿಕೊಲೌ ಮತ್ತು ಟ್ರೌಟರು 1941ರಲ್ಲಿ ಪ್ರಕಟಿಸಿದ ಜೀವಕೋಶ ಪರೀಕ್ಷೆಯಿಂದ, ಲಕ್ಷಣಗಳೇ ಇಲ್ಲದ ಹೆಂಗಸರಲ್ಲಿಯೂ ರೋಗದ ಮೊಳಕೆ ಕಾಣತೊಡಗಿತು. ಆಳವು 5 ಮಿಲಿಮೀಟರನ್ನು ಮೀರದ ಕ್ಯಾನ್ಸರು ಬೇರೊಂದು ಜಾತಿಯಂತೆ ನಡೆದುಕೊಳ್ಳುವುದೆಂದು 1947ರಲ್ಲಿ ಮೆಸ್ಟ್‌ವರ್ಟನು ತೋರಿಸಿದನು. ಅಂಗುಲಗಳಲ್ಲಿದ್ದ ಲೆಕ್ಕ ಮಿಲಿಮೀಟರಿಗೆ ಇಳಿಯಿತು. ಕೊರಳನ್ನು ಹಿಗ್ಗಿಸಿ ನೋಡುವ ಕಾಲ್ಪೊಸ್ಕೋಪನ್ನು 1920ರ ದಶಕದಲ್ಲಿ ಜರ್ಮನಿಯ ಹಿನ್ಸೆಲ್ಮನ್ನನು ರಚಿಸಿದ್ದನು. ಈ ಉಪಕರಣದ ಚರಿತ್ರೆಯಲ್ಲಿ ಒಂದು ಕಪ್ಪು ಪುಟವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆಶ್‌ವಿಟ್ಸ್ ಬಂದೀಶಿಬಿರದಲ್ಲಿ ಸೆರೆಯಲ್ಲಿದ್ದ ಯೆಹೂದಿ ಸ್ತ್ರೀಯರ ಮೇಲೆ ಕಾಲ್ಪೊಸ್ಕೋಪಿನಿಂದ ಪ್ರಯೋಗಗಳು ನಡೆದವು, ಅವರ ಕೊರಳಿನ ಅಂಗಾಂಶವನ್ನು ಕೊಯ್ದು ಪರೀಕ್ಷೆಗೆ ಕಳುಹಿಸಲಾಯಿತು. ಹಿನ್ಸೆಲ್ಮನ್ನನು ರೋಮಾ ಜನಾಂಗದ ಸ್ತ್ರೀಯರ ಬಲಾತ್ಕಾರದ ಸಂತಾನಹರಣಕ್ಕಾಗಿ ಯುದ್ಧಾನಂತರ ಶಿಕ್ಷೆಗೆ ಗುರಿಯಾದನು.

ಕೊಯ್ತವನ್ನು ಕಡಮೆ ಮಾಡುವುದು ತಾನಾಗಿಯೇ ದಯೆಯಾಗುವುದೆಂದು ಭಾವಿಸುವವರು ನ್ಯೂಜಿಲೆಂಡಿನ ಪ್ರಸಂಗವನ್ನು ಓದಬೇಕು. ಆಕ್ಲೆಂಡಿನ ಸ್ತ್ರೀಯರ ಆಸ್ಪತ್ರೆಯಲ್ಲಿ 1966ರಿಂದ, ಮೇಲ್ಪದರದಲ್ಲಿಯೇ ಇರುವ ರೋಗವು ಮುಂದೆ ಕ್ಯಾನ್ಸರಾಗುವುದಿಲ್ಲವೆಂಬ ನಂಬಿಕೆಯಿಂದ, ಹರ್ಬರ್ಟ್ ಗ್ರೀನನು ಅನೇಕ ರೋಗಿಗಳಿಗೆ ಪೂರ್ಣ ಚಿಕಿತ್ಸೆ ಕೊಡದೆ ಕಾದು ನೋಡಿದನು. ರೋಗಿಗಳಿಗೆ ಇದು ತಿಳಿದಿರಲಿಲ್ಲ. ಅವನ ಸಹೋದ್ಯೋಗಿಗಳೇ 1984ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: ಪರೀಕ್ಷೆಯಲ್ಲಿ ದೋಷವು ಕಾಣುತ್ತಲೇ ಉಳಿದ 131 ಮಂದಿಯಲ್ಲಿ 29 ಮಂದಿಗೆ ಹರಡುವ ಕ್ಯಾನ್ಸರು ಉಂಟಾಗಿತ್ತು. ನ್ಯಾಯಾಧೀಶೆ ಕಾರ್ಟ್‌ರೈಟ್‌ರವರ ವಿಚಾರಣೆಯ ವರದಿ 1988ರಲ್ಲಿ ಹೊರಬಂದು, ರೋಗಿಯ ಒಪ್ಪಿಗೆಯ ವಿಷಯದಲ್ಲಿ ಆ ದೇಶದ ನಿಯಮಗಳನ್ನೇ ಬದಲಿಸಿತು. ಬಾಲ್ಟಿಮೋರಿನಲ್ಲಿ ಒಂದು ಸಿದ್ಧಾಂತದಿಂದ ಹೆಚ್ಚು ಕೊಯ್ದರು. ಆಕ್ಲೆಂಡಿನಲ್ಲಿ ಇನ್ನೊಂದು ಸಿದ್ಧಾಂತದಿಂದ ಕಡಮೆ ಕೊಯ್ದರು. ಎರಡು ಕಡೆಯೂ ಸಿದ್ಧಾಂತವು ಎಣಿಕೆಗಿಂತ ಮುಂದೆ ಓಡಿತ್ತು.

ಕೊಯ್ತದ ವಿಸ್ತಾರವನ್ನು ರೋಗದ ಗಾತ್ರಕ್ಕೆ ಹೊಂದಿಸಬೇಕೆಂಬುದು 1974ರಲ್ಲಿ ಪೈವರ್ ಮತ್ತು ಅವನ ಸಂಗಡಿಗರು ಮಾಡಿದ ಐದು ವರ್ಗಗಳ ವಿಂಗಡಣೆಯಿಂದ ಸ್ಪಷ್ಟವಾಯಿತು. ಆದರೆ ನಿಜವಾದ ತಿರುವು ಫ್ರಾನ್ಸಿನ ಲಿಯೋನ್ ನಗರದಲ್ಲಿ, 1987ರಲ್ಲಿ. ಡೇನಿಯಲ್ ದಾರ್ಜಾನನು ಶೌಟಾನ ಯೋನಿಮಾರ್ಗವನ್ನೇ ಬಳಸಿ ಕೊರಳನ್ನೂ ಪಕ್ಕದ ಅಂಗಾಂಶವನ್ನೂ ಮಾತ್ರ ತೆಗೆದು, ಗರ್ಭಕೋಶದ ಮೇಲುಭಾಗವನ್ನು ಉಳಿಸಿದನು. ಗ್ರಂಥಿಗಳನ್ನು ದೂರದರ್ಶಕದಂಥ ಕೊಳವೆಯ ಮೂಲಕ ತೆಗೆದನು. ರುಮೇನಿಯಾದ ಅಬುರೆಲನು 1950ರ ದಶಕದಲ್ಲಿ ಹೊಟ್ಟೆಯ ಮೂಲಕ ಇಂಥದೇ ಪ್ರಯತ್ನವನ್ನು ಮಾಡಿದ್ದರೂ ಅದು ಫಲಿಸಿರಲಿಲ್ಲ. ದಾರ್ಜಾನನ ರೋಗಿಗಳಲ್ಲಿ ಕೆಲವರು ಮುಂದೆ ಮಕ್ಕಳನ್ನು ಹೆತ್ತರು. ಕೊಯ್ತದ ಅಳತೆಯನ್ನು ಹಾಕುವಾಗ ಹೆಂಗಸಿನ ಸ್ವಂತ ಬಯಕೆಯೂ ಒಂದು ಅಂಶವಾಗಿ ಎಣಿಕೆಗೆ ಬಂದದ್ದು ಈ ಶಸ್ತ್ರಕ್ರಿಯೆಯೊಡನೆ ಎಂದು ಹೇಳಬಹುದು. ಫ್ರಾಯಿಂಡನಿಂದ ಅಲ್ಲಿಗೆ 109 ವರ್ಷ.

ಶಸ್ತ್ರವೋ ಕಿರಣವೋ ಎಂಬ ಹಳೆಯ ವಾದಕ್ಕೆ 1997ರಲ್ಲಿ ಇಟಲಿಯ ಲ್ಯಾಂಡೋನಿ ಮೊದಲಾದವರು ಸಮರ್ಪಕವಾದ ಪರೀಕ್ಷೆಯನ್ನು ಒದಗಿಸಿದರು. 343 ಮಂದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದಾಗ ಐದು ವರ್ಷಗಳಲ್ಲಿ ಎರಡರಲ್ಲಿಯೂ ನೂರಕ್ಕೆ 83 ಮಂದಿ ಬದುಕಿದ್ದರು. ತೀವ್ರವಾದ ತೊಂದರೆಗಳು ಮಾತ್ರ ಶಸ್ತ್ರದ ಗುಂಪಿನಲ್ಲಿ ನೂರಕ್ಕೆ 28, ಕಿರಣದ ಗುಂಪಿನಲ್ಲಿ 12. ಶಸ್ತ್ರದವರಲ್ಲಿ ಬಹುಮಂದಿಗೆ ಆಮೇಲೆ ಕಿರಣವನ್ನೂ ಕೊಡಬೇಕಾಗಿ ಬಂದದ್ದು ಇದಕ್ಕೆ ಒಂದು ಕಾರಣ.

ಇದೇ ಕಾಲದಲ್ಲಿ ಲ್ಯಾಪರೊಸ್ಕೋಪಿನ ಸಣ್ಣ ರಂಧ್ರಗಳಿಂದ ವರ್ಟ್‌ಹೈಮನ ಶಸ್ತ್ರಕ್ರಿಯೆಯನ್ನೇ ನಡೆಸುವುದು ಪ್ರಚಾರಕ್ಕೆ ಬಂದಿತು; ಯಂತ್ರದ ತೋಳುಗಳೂ ಬಂದವು. ರಕ್ತಸ್ರಾವ ಕಡಮೆ, ಮನೆಗೆ ಹೋಗುವುದು ಬೇಗ. ಹೊಟ್ಟೆಯ ಮೇಲಿನ ಗಾಯವನ್ನು ಕಂಡು ಒಳಗಿನದನ್ನು ಅಳೆಯುವ ಭ್ರಮೆ ವೈದ್ಯರಿಗೂ ರೋಗಿಗಳಿಗೂ ಸಹಜ. 33 ಆಸ್ಪತ್ರೆಗಳಲ್ಲಿ 631 ರೋಗಿಗಳನ್ನು ಸೇರಿಸಿಕೊಂಡ ಒಂದು ಪರೀಕ್ಷೆಯ ಫಲ 2018ರ ನವೆಂಬರಿನಲ್ಲಿ ಪ್ರಕಟವಾದಾಗ ಎಲ್ಲರೂ ಬೆರಗಾದರು. ನಾಲ್ಕೂವರೆ ವರ್ಷಗಳ ಬಳಿಕ ರೋಗವಿಲ್ಲದೆ ಇದ್ದವರು ತೆರೆದ ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 96.5, ರಂಧ್ರದ ಶಸ್ತ್ರಕ್ರಿಯೆಯಲ್ಲಿ 86. ಮೂರು ವರ್ಷಗಳಲ್ಲಿ ಬದುಕಿದ್ದವರು 99 ಮತ್ತು 93.8. ಅಪಾಯ ಕಂಡು ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದ್ದರು. ಕಾರಣವು ಪೂರ್ತಿಯಾಗಿ ನಿರ್ಧಾರವಾಗಿಲ್ಲ. ಗರ್ಭಕೋಶವನ್ನು ಅಲುಗಾಡಿಸುವ ಸಲಾಕೆ, ಹೊಟ್ಟೆಗೆ ತುಂಬುವ ಅನಿಲ, ಯೋನಿಯನ್ನು ಹೊಟ್ಟೆಯೊಳಗೇ ಕತ್ತರಿಸುವಾಗ ಹುಣ್ಣು ತೆರೆದುಕೊಳ್ಳುವುದು, ಇವುಗಳ ಮೇಲೆ ಸಂಶಯವಿದೆ. ಕೊರಳನ್ನು ಮೊದಲೇ ಮುಚ್ಚಿ ಹೊಲಿದುಕೊಳ್ಳಬೇಕೆಂದು ಆ ಬಳಿಕ ಹಲವರು ಸೂಚಿಸಿದ್ದಾರೆ. ಶೌಟಾ ಮೊದಲ ಹೆಜ್ಜೆಯಾಗಿ ಮಾಡುತ್ತಿದ್ದುದು ಅದನ್ನೇ. ವರ್ಟ್‌ಹೈಮನ ಬಾಗಿದ ಚಿಮಟದ ಕೆಲಸವೂ ಅದೇ. ನಂಜಿಗೆ ಹೆದರಿ ಅವರು ಮಾಡಿದ್ದನ್ನು, ಪೆನಿಸಿಲಿನ್ ಬಂದು ನಂಜಿನ ಭಯ ಹೋದ ಮೇಲೆ ಅನಾವಶ್ಯಕವೆಂದು ಎಣಿಸಿದ್ದಿರಬೇಕು ಎಂದು ನಾವು ಊಹಿಸುತ್ತೇವೆ.

ಕುಗ್ಗುವಿಕೆಗೆ ಎಣಿಕೆಯ ಆಧಾರ ದೊರೆತದ್ದು ಇತ್ತೀಚೆಗೆ. 2024ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಗಂತಿಯು 2 ಸೆಂಟಿಮೀಟರನ್ನು ಮೀರದ 700 ಮಂದಿ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ವರ್ಟ್‌ಹೈಮನ ಮಾದರಿಯ ವಿಸ್ತಾರವಾದ ಕೊಯ್ತ, ಉಳಿದವರಿಗೆ ಪಕ್ಕದ ಅಂಗಾಂಶವನ್ನು ಮುಟ್ಟದೆ ಗರ್ಭಕೋಶವನ್ನು ಮಾತ್ರ ತೆಗೆಯುವ ಸರಳ ಕೊಯ್ತ. ಗ್ರಂಥಿಗಳ ಪರೀಕ್ಷೆ ಇಬ್ಬರಿಗೂ. ಮೂರು ವರ್ಷಗಳಲ್ಲಿ ಕಿಬ್ಬೊಟ್ಟೆಯಲ್ಲಿ ರೋಗ ಮರುಕಳಿಸಿದ್ದು ವಿಸ್ತಾರದಲ್ಲಿ ನೂರಕ್ಕೆ 2.17, ಸರಳದಲ್ಲಿ 2.52. ಮೂತ್ರದ ತೊಂದರೆ ಸರಳದಲ್ಲಿ ಬಹಳ ಕಡಮೆ. ಫ್ರಾಯಿಂಡನು 1878ರಲ್ಲಿ ತೆಗೆದ ಭಾಗದ ಹತ್ತಿರಕ್ಕೆ ನಾವು ಮರಳಿ ಬಂದಂತಾಯಿತು. ವ್ಯತ್ಯಾಸವೆಂದರೆ ಯಾರಿಗೆ ಅಷ್ಟೇ ಸಾಕೆಂಬುದು ಈಗ ತಿಳಿದಿದೆ, ಅವನಿಗೆ ತಿಳಿದಿರಲಿಲ್ಲ.

ಈ ತಿಳಿವಳಿಕೆಯು ನಮ್ಮ ನಾಡಿನಲ್ಲಿ ಎಷ್ಟು ಮಂದಿಗೆ ಒದಗುತ್ತದೆ? ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಲ್ಲಿ ಸ್ಥಾಪಿತವಾಯಿತು. ಅಲ್ಲಿನ ಕ್ಯಾನ್ಸರ್ ನೋಂದಣಿ 1982ರಿಂದ ನಡೆಯುತ್ತ ಬಂದಿದೆ. ನಗರದ ಸ್ತ್ರೀಯರಲ್ಲಿ ಈ ರೋಗವು ಆ ವರ್ಷಗಳಿಂದ ಇಳಿಯುತ್ತ ಬಂದು, ಸ್ತನದ ಕ್ಯಾನ್ಸರು ಅದನ್ನು ಹಿಂದೆ ಹಾಕಿದೆಯೆಂದು ಆ ದಾಖಲೆಗಳಿಂದ ತಿಳಿಯುತ್ತದೆ. ಆದರೆ ಬರುವವರಲ್ಲಿ ಬಹುಪಾಲು ಮಂದಿ ವಿಯೆನ್ನಾದ ಬಾಗಿಲಿಗೆ ಬಂದವರಂತೆಯೇ ತಡವಾಗಿ ಬರುತ್ತಾರೆ. ಅವರಿಗೆ ಕಿರಣವೂ ಔಷಧಿಯೂ ಗತಿ, ಶಸ್ತ್ರವಲ್ಲ. ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ 633 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯು, ರೋಗವು ಸ್ವಲ್ಪ ಮುಂದುವರಿದವರಲ್ಲಿ ಮೊದಲು ಔಷಧಿ ಕೊಟ್ಟು ಗಂತಿಯನ್ನು ಕುಗ್ಗಿಸಿ ಆಮೇಲೆ ಕೊಯ್ಯುವುದಕ್ಕಿಂತ, ಕಿರಣವನ್ನೂ ಔಷಧಿಯನ್ನೂ ಒಟ್ಟಿಗೆ ಕೊಡುವುದೇ ರೋಗವನ್ನು ತಡೆಯುವುದರಲ್ಲಿ ಮೇಲೆಂದು ತೋರಿಸಿತು.

ಬೇಗ ಬಂದ ಕೆಲವರ ವಿಷಯದಲ್ಲಿಯೂ ತೊಡಕಿದೆ. ಅವಸ್ಥೆಗಳ ಅಂತರರಾಷ್ಟ್ರೀಯ ವಿಂಗಡಣೆಯು 2018ರಲ್ಲಿ ಪರಿಷ್ಕೃತವಾಗಿ, 2 ಸೆಂಟಿಮೀಟರಿನ ಗೆರೆಯನ್ನು ಅದರಲ್ಲಿ ಸೇರಿಸಿ, ಸ್ಕ್ಯಾನಿನ ಚಿತ್ರಗಳನ್ನೂ ಆಧಾರವಾಗಿ ಒಪ್ಪಿತು. ಅವು ಇಲ್ಲದ ಕಡೆ ಹಿಂದಿನಂತೆ ಕೈಪರೀಕ್ಷೆಯೇ ಸಾಕೆಂದೂ ಹೇಳಿತು. ಸರಳವಾದ ಕೊಯ್ತ ಯಾರಿಗೆ ಸಾಕು, ಯಾರಿಗೆ ಸಾಲದು ಎಂಬುದು ಈಗ ಆ 2 ಸೆಂಟಿಮೀಟರಿನ ಮೇಲೆ ನಿಂತಿದೆ. ಎಂ.ಆರ್.ಐ. ಯಂತ್ರವಿಲ್ಲದ ಆಸ್ಪತ್ರೆಯಲ್ಲಿ ಅದನ್ನು ಅಳೆಯುವುದು 1929ರಲ್ಲಿ ಅಳೆದ ಬೆರಳೇ.